ಹಳೆಯ ಟ್ರ್ಯಾಕ್ಟರ್ ಖರೀದಿ: ನಿಪ್ಪಾಣಿ–ಚಿಕ್ಕೋಡಿ ಸೀಮೆಯಲ್ಲಿ ದುರಸ್ತಿ ಮತ್ತು ಸಜ್ಜಿನ ವೆಚ್ಚದ ಲೆಕ್ಕ

ಹಳೆಯ ಟ್ರ್ಯಾಕ್ಟರಿನ ದುರಸ್ತಿ–ಸಜ್ಜಿನ ಲೆಕ್ಕ ಎಂದರೆ, ಒಬ್ಬರ ಕೈಯಲ್ಲಿ ದುಡಿದ ಟ್ರ್ಯಾಕ್ಟರನ್ನು ಇನ್ನೊಬ್ಬರು ಕೊಳ್ಳುವ ಮುನ್ನ, ಅದನ್ನು ತಮ್ಮ ಕೆಲಸಕ್ಕೆ ಯೋಗ್ಯವಾಗಿಸಲು ತಗಲುವ ಒಟ್ಟು ಖರ್ಚನ್ನು ಅಂದಾಜು ಮಾಡಿ ಮಾರುವವರು ಹೇಳುವ ಬೆಲೆಯ ಎದುರಿಗೆ ತೂಗಿ ನೋಡುವ ಕ್ರಮ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬು ಸಾಗಣೆ ಮತ್ತು ಉಳುಮೆ ಎರಡಕ್ಕೂ ಟ್ರ್ಯಾಕ್ಟರೇ ಆಧಾರ. ಹಾಗಾಗಿ ಇಲ್ಲಿನ ಅನೇಕ ರೈತ ಕುಟುಂಬಗಳು ಜಮೀನು ಮತ್ತು ಮನೆಯನ್ನು ಬಿಟ್ಟರೆ ಅತಿ ಹೆಚ್ಚು ಹಣ ತೊಡಗಿಸುವುದು ಈ ಖರೀದಿಯಲ್ಲೇ.

ಈ ಲೇಖನದಲ್ಲಿ ‘ದುರಸ್ತಿ’ ಎಂದರೆ ಸವೆದ ಅಥವಾ ಕೆಟ್ಟ ಭಾಗವನ್ನು ಮೊದಲಿನ ಸ್ಥಿತಿಗೆ ತರುವುದು. ‘ಸಜ್ಜು’ ಎಂದರೆ ಸುಸ್ಥಿತಿಯಲ್ಲಿರುವ ಟ್ರ್ಯಾಕ್ಟರನ್ನೇ ಹೊಸ ಕೆಲಸಕ್ಕೆ ಒಗ್ಗಿಸುವುದು. ಉದಾಹರಣೆಗೆ, ಉಳುಮೆಯ ಟ್ರ್ಯಾಕ್ಟರಿಗೆ ಎರಡು ಟ್ರ್ಯಾಲಿ ಎಳೆಯುವ ಕೊಂಡಿ ಕೂಡಿಸುವುದು. ಎರಡೂ ಖರ್ಚುಗಳನ್ನು ಬೇರೆಬೇರೆ ಬರೆದುಕೊಳ್ಳಬೇಕು. ದುರಸ್ತಿಯ ಹಣವನ್ನು ಬೆಲೆಯಲ್ಲಿ ಇಳಿಸಿ ಎಂದು ಮಾರುವವರನ್ನು ಕೇಳಬಹುದು. ಸಜ್ಜಿನ ಹಣವನ್ನು ಹಾಗೆ ಕೇಳಲು ಬರುವುದಿಲ್ಲ.

ಹಿನ್ನೆಲೆ

ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆ 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಶುರುವಾಯಿತು. 1960ರಲ್ಲಿ ಚೆನ್ನೈನ ಟಾಫೆ, 1963ರಲ್ಲಿ ಮಹೀಂದ್ರಾದ ಟ್ರ್ಯಾಕ್ಟರ್ ಕಂಪನಿ ಹುಟ್ಟಿದವು. 1970ರ ದಶಕದಲ್ಲಿ ಎಚ್‌ಎಂಟಿ ಮತ್ತು ಪಂಜಾಬಿನ ಸ್ವರಾಜ್ ಬಂದವು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯಲ್ಲಿ ಏತ ನೀರಾವರಿ ಹಬ್ಬಿ ಕಬ್ಬಿನ ಕ್ಷೇತ್ರ ಬೆಳೆದಂತೆ ಈ ಯಂತ್ರಗಳಿಗೆ ಇಲ್ಲಿ ಬೇಡಿಕೆ ಬಂತು. ಉಗಾರ ಖುರ್ದದ ಉಗಾರ ಸಕ್ಕರೆ ಕಾರ್ಖಾನೆ 1939ರಷ್ಟು ಹಳೆಯದು. ನಿಪ್ಪಾಣಿಯ ಹಾಲಸಿದ್ಧನಾಥ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಮುಂತಾದ ಸಹಕಾರಿ ಕಾರ್ಖಾನೆಗಳು ಆಮೇಲೆ ಬಂದವು. ಗಡಿಯಾಚೆ, ಮಹಾರಾಷ್ಟ್ರದ ಕಾಗಲದಲ್ಲಿ ಶಾಹೂ ಕಾರ್ಖಾನೆ ಇದೆ. ಮೊದಲು ಎತ್ತಿನ ಗಾಡಿಗಳು ಹೊರುತ್ತಿದ್ದ ಕಬ್ಬಿನ ಬಹುಪಾಲು ಈಗ ಟ್ರ್ಯಾಕ್ಟರ್ ಟ್ರ್ಯಾಲಿಗಳ ಮೇಲೆ ಹೋಗುತ್ತದೆ.

ಹೊಸ ಟ್ರ್ಯಾಕ್ಟರನ್ನು ಸಾಲದ ಮೇಲೆ ಕೊಂಡವರು ಕೆಲವು ಹಂಗಾಮು ಕಬ್ಬು ಎಳೆದು, ಅದನ್ನು ಮಾರಿ ಮತ್ತೊಂದು ಹೊಸದಕ್ಕೆ ಹೋಗುವ ರೂಢಿಯಿಂದ ಹಳೆಯ ಟ್ರ್ಯಾಕ್ಟರುಗಳ ಪೇಟೆ ಬೆಳೆದಿದೆ. ಗಡಿಯ ಎರಡೂ ಕಡೆ ಬಂಧುತ್ವ, ವ್ಯಾಪಾರ, ಭಾಷೆ ಬೆರೆತಿರುವುದರಿಂದ ಈ ಪೇಟೆಗೆ ರಾಜ್ಯದ ಗಡಿ ಅಡ್ಡ ಬರುವುದಿಲ್ಲ. ಗಡಿ ಅಡ್ಡ ಬರುವುದು ಕಾಗದಪತ್ರದಲ್ಲಿ ಮಾತ್ರ.

ವೆಚ್ಚದ ರಚನೆ

ಹಳೆಯ ಟ್ರ್ಯಾಕ್ಟರಿನ ನಿಜವಾದ ಬೆಲೆಗೆ ಐದು ಪಾಲುಗಳಿವೆ: ಕೈಗೆ ಕೊಡುವ ಹಣ, ತಕ್ಷಣದ ದುರಸ್ತಿ, ಒಂದೆರಡು ಹಂಗಾಮಿನೊಳಗೆ ಬರಲಿರುವ ದುರಸ್ತಿ, ಸಜ್ಜು, ಹಾಗೂ ಹೆಸರು ಬದಲಾವಣೆಯಿಂದ ಹಿಡಿದು ವಿಮೆಯವರೆಗಿನ ಕಾಗದಪತ್ರದ ಖರ್ಚು. ಸಾಲ ಮಾಡಿ ಕೊಳ್ಳುವವರು ಬಡ್ಡಿಯನ್ನೂ ಕೂಡಿಸಬೇಕು. ಹಳೆಯ ಟ್ರ್ಯಾಕ್ಟರಿನ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಹೊಸದರ ಸಾಲಕ್ಕಿಂತ ಹೆಚ್ಚು, ಅವಧಿ ಕಡಿಮೆ.

ಹೆಚ್ಚಿನವರು ತಪ್ಪುವುದು ಮೂರನೆಯ ಪಾಲಿನಲ್ಲಿ. ಬಣ್ಣ, ಸೀಟು, ದೀಪ, ಬ್ಯಾಟರಿ ಇವೆಲ್ಲ ಕಣ್ಣಿಗೆ ಬೀಳುವ ಅಗ್ಗದ ಭಾಗಗಳು. ಎಣ್ಣೆಯೊಳಗೆ ಮುಳುಗಿರುವ ಭಾಗಗಳು ದುಬಾರಿ, ಅವು ಕಾಣುವುದಿಲ್ಲ. ಬಣ್ಣ ಹೊಡೆದ ಟ್ರ್ಯಾಕ್ಟರಿಗೂ ಹೊಡೆಯದ ಟ್ರ್ಯಾಕ್ಟರಿಗೂ ಪೇಟೆಯಲ್ಲಿ ಬೀಳುವ ಬೆಲೆಯ ಅಂತರ, ಆ ಬಣ್ಣಕ್ಕೆ ತಗಲಿದ ಖರ್ಚಿನ ಎಷ್ಟೋ ಪಟ್ಟು ಇರುತ್ತದೆ. ಇಂಜಿನ್ನಿನ ಮೇಲೆ, ನಟ್ಟುಗಳ ತಲೆಯ ಮೇಲೆ, ರಬ್ಬರ್ ಪೈಪುಗಳ ಮೇಲೂ ಹೊಸ ಬಣ್ಣ ಬಿದ್ದಿದ್ದರೆ ಅದು ಮಾರಾಟಕ್ಕೆಂದೇ ಹೊಡೆಸಿದ್ದು. ಸೋರಿಕೆಯ ಗುರುತು ಅದರ ಅಡಿಯಲ್ಲಿ ಮುಚ್ಚಿಹೋಗಿರಬಹುದು.

ಹಿಂದಿನ ದುಡಿಮೆ

ಕೃಷಿ ಇಂಜಿನಿಯರಿಂಗ್ ಪಠ್ಯಗಳು ಲೆಕ್ಕದ ಅನುಕೂಲಕ್ಕಾಗಿ ಟ್ರ್ಯಾಕ್ಟರಿನ ಆಯುಷ್ಯವನ್ನು ವರ್ಷಕ್ಕೆ 1,000 ಗಂಟೆಯಂತೆ 10 ವರ್ಷ, ಅಂದರೆ 10,000 ಗಂಟೆ ಎಂದು ಹಿಡಿಯುತ್ತವೆ. ಆದರೆ ಈ ಸೀಮೆಯಲ್ಲಿ ಗಂಟೆಯ ಎಣಿಕೆಗಿಂತ ಆ ಗಂಟೆಗಳು ಎಲ್ಲಿ ಕಳೆದವು ಎಂಬುದೇ ಮುಖ್ಯ. ಎರೆ ಹೊಲದಲ್ಲಿ ನೇಗಿಲು, ರೋಟಾವೇಟರ್ ಹೊಡೆದ ಟ್ರ್ಯಾಕ್ಟರಿನಲ್ಲಿ ಹೈಡ್ರಾಲಿಕ್, ಪಿಟಿಒ (ಉಪಕರಣಗಳನ್ನು ತಿರುಗಿಸುವ ಹಿಂದಿನ ಶಾಫ್ಟು) ಮತ್ತು ಏರ್ ಕ್ಲೀನರಿನ ಭಾಗ ಸವೆಯುತ್ತವೆ. ಕಬ್ಬು ಎಳೆದದ್ದರಲ್ಲಿ ಕ್ಲಚ್, ಬ್ರೇಕ್, ಕ್ರೌನ್–ಪಿನಿಯನ್, ಹಿಂದಿನ ಆ್ಯಕ್ಸಲ್‌ನ ಬೇರಿಂಗ್ ಮತ್ತು ಸೀಲುಗಳು, ಹಿಂದಿನ ಟೈರು ಸವೆಯುತ್ತವೆ. ಹೀಗಾಗಿ ಐದು ವರ್ಷ ಎರಡು ಟ್ರ್ಯಾಲಿ ಎಳೆದ ಟ್ರ್ಯಾಕ್ಟರಿಗಿಂತ, ಹನ್ನೆರಡು ವರ್ಷ ಸ್ವಂತ ಹೊಲವನ್ನಷ್ಟೇ ಉತ್ತ ಟ್ರ್ಯಾಕ್ಟರು ಹಲವು ಸಲ ಕಡಿಮೆ ದುರಸ್ತಿ ಕೇಳುತ್ತದೆ. ಇಸವಿ ನೋಡಿ ಮಾತ್ರ ಬೆಲೆ ಕಟ್ಟುವುದು ಸರಿಯಲ್ಲ.

ಗಂಟೆಯ ಮೀಟರನ್ನೂ ಪೂರ್ತಿ ನಂಬಲಾಗದು. ಹಳೆಯ ಮಾದರಿಗಳಲ್ಲಿ ಅದು ಕೇಬಲ್‌ನಿಂದ ಓಡುತ್ತದೆ. ಕೇಬಲ್ ಹರಿದರೆ ನಿಲ್ಲುತ್ತದೆ, ಮೀಟರನ್ನು ಬದಲಿಸಿದರೆ ಸೊನ್ನೆಯಿಂದ ಎಣಿಸುತ್ತದೆ. ಬದಲಿಗೆ ನೋಡಬೇಕಾದದ್ದು ಕ್ಲಚ್ ಮತ್ತು ಬ್ರೇಕ್ ಪೆಡಲುಗಳ ರಬ್ಬರ್, ಪೆಡಲ್ ಪಿನ್ನಿನ ಸಡಿಲ, ಸ್ಟೇರಿಂಗ್ ಚಕ್ರದ ನುಣುಪು, ಹಿಂದಿನ ಕೊಂಡಿಯ ರಂಧ್ರ. ಟ್ರ್ಯಾಲಿಯ ಪಿನ್ನು ಕೂರುವ ಈ ರಂಧ್ರ ಮೊದಲು ದುಂಡಗಿದ್ದು, ವರ್ಷಗಟ್ಟಲೆ ಎಳೆತದಿಂದ ಉದ್ದಕ್ಕೆ ಮೊಟ್ಟೆಯಾಕಾರವಾಗುತ್ತದೆ. ಮಾರುವವರು ‘ಹೊಲದ ಕೆಲಸ ಬಿಟ್ಟು ಬೇರೆ ಮಾಡಿಲ್ಲ’ ಎಂದರೂ, ಮೊಟ್ಟೆಯಾಕಾರದ ರಂಧ್ರ ಅಥವಾ ಅದರ ಸುತ್ತ ಹೊಸದಾಗಿ ತುಂಬಿದ ವೆಲ್ಡಿಂಗ್ ಇದ್ದರೆ ಅದು ಕಬ್ಬು ಎಳೆದ ಟ್ರ್ಯಾಕ್ಟರೆಂದೇ ಎಣಿಸಬೇಕು.

ಇಂಜಿನ್

ಇಂಜಿನ್ ಪರೀಕ್ಷೆಗೆ ಮೊದಲ ನಿಯಮ, ಅದು ತಣ್ಣಗಿರುವಾಗ ಹೋಗಬೇಕು. ಕೊಳ್ಳುವವರು ಬರುವ ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟ ಇಂಜಿನ್ ತನ್ನ ದೋಷವನ್ನು ಅರ್ಧ ಮುಚ್ಚಿಡುತ್ತದೆ. ಡೀಸೆಲ್ ಇಂಜಿನ್ನು ಕಿಡಿಯಿಲ್ಲದೆ, ಗಾಳಿಯ ಒತ್ತಡದ ಬಿಸಿಯಿಂದಲೇ ಹೊತ್ತಿಕೊಳ್ಳುತ್ತದೆ. ರಿಂಗು, ಲೈನರು, ವಾಲ್ವು ಸವೆದರೆ ಒತ್ತಡ ಸೋರಿ, ತಣ್ಣನೆಯ ಬೆಳಗಿನಲ್ಲಿ ಬಹಳ ಹೊತ್ತು ಸ್ಟಾರ್ಟರ್ ತಿರುಗಿಸಬೇಕಾಗುತ್ತದೆ. ಇಂಜಿನ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಮತ್ತೊಂದು ದಿನ ಬೆಳಿಗ್ಗೆ ಬರುವುದೇ ಲೇಸು.

ಚಾಲೂ ಆದ ಮೇಲೆ ಹೊಗೆಯ ಬಣ್ಣ ನೋಡುತ್ತಾರೆ. ಭಾರ ಬಿದ್ದಾಗ ಒಂದಿಷ್ಟು ಕಪ್ಪು ಹೊಗೆ ಸಹಜ. ಸದಾ ಕಪ್ಪಾಗಿದ್ದರೆ ಏರ್ ಕ್ಲೀನರ್ ಕಟ್ಟಿರಬಹುದು, ಇಲ್ಲವೇ ನಾಜಲ್ ಅಥವಾ ಪಂಪು ಹೆಚ್ಚು ಡೀಸೆಲ್ ಬಿಡುತ್ತಿರಬಹುದು. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ತಿನ್ನುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಗೆ ಕಾರಣ ಉರಿಯದ ಡೀಸೆಲ್ ಅಥವಾ ಸಿಲಿಂಡರಿಗೆ ಸೋರುವ ನೀರು. ರೇಡಿಯೇಟರಿನ ಮುಚ್ಚಳ ತೆಗೆದಾಗ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು ಅಥವಾ ಹೆಡ್ಡೇ ಬಿರುಕು ಬಿಟ್ಟಿರಬಹುದು. ಗ್ಯಾಸ್ಕೆಟ್ಟಿಗೂ ಹೆಡ್ಡಿಗೂ ಬೆಲೆಯಲ್ಲಿ ಬಹಳ ಅಂತರ. ಬಿಚ್ಚಿ ನೋಡದೆ ಯಾವುದು ಎಂದು ತಿಳಿಯದ ಕಾರಣ ಲೆಕ್ಕದಲ್ಲಿ ದೊಡ್ಡ ಖರ್ಚನ್ನೇ ಹಿಡಿಯಬೇಕು.

ಮಿಸ್ತ್ರಿಗಳು ಹೆಚ್ಚು ನೆಚ್ಚುವ ಪರೀಕ್ಷೆ ಬ್ರೀದರಿನದು. ಇಂಜಿನ್ ಬಿಸಿಯಾಗಿ ಓಡುತ್ತಿರುವಾಗ ಆಯಿಲ್ ತುಂಬುವ ಬಾಯಿಯ ಮುಚ್ಚಳ ಸಡಿಲಿಸಿ ಅದರ ಮೇಲೆಯೇ ಇಡುತ್ತಾರೆ. ಮುಚ್ಚಳ ಸುಮ್ಮನೆ ಕೂತರೆ ಅಥವಾ ತುಸು ಅಲುಗಿದರೆ ಚಿಂತೆಯಿಲ್ಲ. ಕುಣಿಯುತ್ತ ಬಿದ್ದುಹೋದರೆ, ಬಾಯಿಯಿಂದ ಉಸಿರು ಬಿಟ್ಟಂತೆ ಹೊಗೆ ಹೊಡೆದರೆ, ಉರಿದ ಅನಿಲ ರಿಂಗುಗಳನ್ನು ದಾಟಿ ಕೆಳಗಿನ ಆಯಿಲ್ ಕೋಣೆಗೆ ನುಗ್ಗುತ್ತಿದೆ ಎಂದರ್ಥ. ಆಮೇಲೆ ಆಯಿಲ್ ಒತ್ತಡದ ಮುಳ್ಳು. ಅರ್ಧ ತಾಸು ಓಡಿ ಬಿಸಿಯಾದ ಇಂಜಿನ್ನನ್ನು ನಿಧಾನಕ್ಕೆ ಇಳಿಸಿದಾಗ ಮುಳ್ಳು ತೀರ ಕೆಳಗೆ ಬಿದ್ದರೆ ಕ್ರ್ಯಾಂಕಿನ ಬೇರಿಂಗು ಅಥವಾ ಆಯಿಲ್ ಪಂಪು ಸವೆದಿದೆ. ಸವೆತ ಮರೆಸಲು ದಪ್ಪ ಆಯಿಲ್ ತುಂಬಿರುವ ಸಾಧ್ಯತೆಯೂ ಉಂಟು.

ದುರಸ್ತಿಗೆ ಎರಡು ಮಟ್ಟಗಳಿವೆ. ‘ಅರ್ಧ ಇಂಜಿನ್’ ಕೆಲಸದಲ್ಲಿ ಪಿಸ್ಟನ್, ರಿಂಗು, ಲೈನರು, ಬೇರಿಂಗು, ಗ್ಯಾಸ್ಕೆಟ್ ಬದಲಿಸಿ ಹೆಡ್ಡಿನ ವಾಲ್ವು ಕೂರಿಸುತ್ತಾರೆ. ‘ಪೂರ್ತಿ ಇಂಜಿನ್’ ಕೆಲಸದಲ್ಲಿ ಇಂಜಿನ್ ಇಳಿಸಿ, ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿ, ಕ್ಯಾಮ್, ಟೈಮಿಂಗ್ ಗಿಯರು, ಪಂಪು ಎಲ್ಲವನ್ನೂ ನೋಡುತ್ತಾರೆ. ಒಮ್ಮೆ ಗ್ರೈಂಡ್ ಮಾಡಿದ ಕ್ರ್ಯಾಂಕಿಗೆ ಅಂಡರ್‌ಸೈಜ್ ಬೇರಿಂಗು ಬೇಕು. ಎಷ್ಟು ಸಲ ಗ್ರೈಂಡ್ ಆಗಿದೆ ಎಂಬುದು ಗೊತ್ತಾಗುವುದು ಬಿಚ್ಚಿದ ಮೇಲೆಯೇ. ಮಿತಿ ಮುಗಿದಿದ್ದರೆ ಹೊಸ ಕ್ರ್ಯಾಂಕೇ ಗತಿ. ಸಿಲಿಂಡರುಗಳ ಸಂಖ್ಯೆಗೆ ತಕ್ಕಂತೆ ಸಾಮಾನಿನ ಖರ್ಚು ಏರುತ್ತದೆ. ನಾಲ್ಕು ಸಿಲಿಂಡರಿನ ಮಹೀಂದ್ರಾ 575 ಡಿಐಗೆ ನಾಲ್ಕು ಜೊತೆ ಸಾಮಾನು ಬೇಕಾದರೆ, ಮೂರು ಸಿಲಿಂಡರಿನ ಮ್ಯಾಸಿ ಫರ್ಗ್ಯೂಸನ್ 241 ಡಿಐಗೆ ಮೂರು ಸಾಕು. ಬೋರಿಂಗ್, ಗ್ರೈಂಡಿಂಗ್ ಕೆಲಸಕ್ಕೆ ಈ ಭಾಗದವರಿಗೆ ಹತ್ತಿರ ಇರುವುದು ಕೊಲ್ಹಾಪುರದ ಶಿವಾಜಿ ಉದ್ಯಮನಗರ ಮತ್ತು ಬೆಳಗಾವಿಯ ಉದ್ಯಮಬಾಗ. ಎರಡೂ ಫೌಂಡ್ರಿ ಮತ್ತು ಯಂತ್ರಕೆಲಸಕ್ಕೆ ಹೆಸರಾದ ಜಾಗಗಳು. ಅಲ್ಲಿಗೆ ಒಯ್ದು ತರುವ ಬಾಡಿಗೆಯನ್ನೂ, ಸರದಿಗಾಗಿ ಕಾಯುವ ದಿನಗಳನ್ನೂ ಅಂದಾಜಿನಲ್ಲಿ ಸೇರಿಸಬೇಕು.

ಕ್ಲಚ್ಚಿನಿಂದ ಹಿಂದಿನ ಆ್ಯಕ್ಸಲ್‌ವರೆಗೆ

ಕ್ಲಚ್ ಪ್ಲೇಟಿನ ಬೆಲೆ ದೊಡ್ಡದಲ್ಲ. ಆದರೆ ಅದನ್ನು ಮುಟ್ಟಬೇಕಾದರೆ ಟ್ರ್ಯಾಕ್ಟರನ್ನು ನಡುವೆ ಎರಡು ಭಾಗ ಮಾಡಿ, ಇಂಜಿನ್ನನ್ನು ಮುಂದಕ್ಕೆ ಸರಿಸಬೇಕು. ಕೂಲಿಯೇ ಹೆಚ್ಚಾಗುವ ಇಂಥ ಕೆಲಸದಲ್ಲಿ, ಒಮ್ಮೆ ಬಿಚ್ಚಿದ ಮೇಲೆ ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು, ಹಿಂಬದಿಯ ಆಯಿಲ್ ಸೀಲುಗಳನ್ನೂ ಬದಲಿಸಿಯೇ ಮುಚ್ಚುವುದು ಲಾಭ. ಪಿಟಿಒಗೆ ಬೇರೆ ಪ್ಲೇಟು ಇರುವ ಡಬಲ್ ಕ್ಲಚ್ ಮಾದರಿಗಳಲ್ಲಿ ಖರ್ಚು ಸಿಂಗಲ್ ಕ್ಲಚ್ಚಿನದಕ್ಕಿಂತ ಹೆಚ್ಚು. ಪರೀಕ್ಷೆ ಸುಲಭ: ಬ್ರೇಕು ಒತ್ತಿ, ಮೇಲಿನ ಗಿಯರಿನಲ್ಲಿ ನಿಧಾನವಾಗಿ ಕ್ಲಚ್ ಬಿಟ್ಟಾಗ ಇಂಜಿನ್ ಬಂದಾಗಬೇಕು, ಬಂದಾಗದೆ ತಿರುಗುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ.

ಗಿಯರ್ ಬಾಕ್ಸನ್ನು ನಿಂತಲ್ಲೇ ತಿಳಿಯಲಾಗದು. ಭಾರ ತುಂಬಿದ ಟ್ರ್ಯಾಲಿ ಕಟ್ಟಿ ಏರಿನಲ್ಲಿ ಎಳೆದು, ಅದೇ ಗಿಯರಿನಲ್ಲಿ ಇಳಿಜಾರಿನಲ್ಲೂ ಬಿಟ್ಟು ನೋಡಬೇಕು. ಇಳಿಜಾರಿನಲ್ಲಿ ಟ್ರ್ಯಾಲಿ ಹಿಂದಿನಿಂದ ತಳ್ಳುವಾಗ ಗಿಯರ್ ತಾನಾಗಿ ಹೊರಗೆ ಜಿಗಿದರೆ ಹಲ್ಲು ಅಥವಾ ಫೋರ್ಕು ಸವೆದಿದೆ. ನಿಪ್ಪಾಣಿ ಹತ್ತಿರದ ತವಂದಿ ಘಾಟಿನಂಥ ಇಳಿಜಾರುಗಳಲ್ಲಿ ಇದು ಖರ್ಚಿನ ಪ್ರಶ್ನೆಯಷ್ಟೇ ಅಲ್ಲ, ಜೀವದ ಪ್ರಶ್ನೆ. ಎಳೆಯುವಾಗ ಒಂದು ಬಗೆಯ ಗೋಳಿನ ಸದ್ದು ಹಿಂದಿನಿಂದ ಬಂದು, ಬಿಟ್ಟಾಗ ನಿಂತರೆ ಅಥವಾ ಬದಲಾದರೆ ಅದು ಕ್ರೌನ್–ಪಿನಿಯನ್ನಿನದು. ಇವೆರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಹಳೆಯ ಟ್ರ್ಯಾಕ್ಟರಿನ ದೊಡ್ಡ ದುರಸ್ತಿಗಳಲ್ಲಿ ಇಂಜಿನ್ ಬಿಟ್ಟರೆ ಇದೇ.

ಬ್ರೇಕು ಒಣ ಡಿಸ್ಕಿನದೋ ಆಯಿಲಿನಲ್ಲಿ ಮುಳುಗಿದ್ದೋ ಎಂಬುದರ ಮೇಲೆ ವೆಚ್ಚ ನಿಂತಿದೆ. ಒಣ ಡಿಸ್ಕು ಬೇಗ ಸವೆಯುತ್ತದೆ, ಸಾಮಾನು ಅಗ್ಗ, ಕೆಲಸ ಸುಲಭ. ಆಯಿಲ್ ಬ್ರೇಕು ಬಹುಕಾಲ ಬರುತ್ತದೆ, ಆದರೆ ಅದಕ್ಕೆ ಆ್ಯಕ್ಸಲ್‌ನ ಕವಚ ಬಿಚ್ಚಬೇಕು. ಹಿಂದಿನ ಗಾಲಿಯ ಒಳಬದಿಯಲ್ಲಿ ಆಯಿಲ್ ಇಳಿದ ಕಪ್ಪು ಗೆರೆ ಕಂಡರೆ ಸೀಲು ಹೋಗಿದೆ, ಬಹುಶಃ ಬೇರಿಂಗೂ ಹೋಗಿದೆ.

ಹೈಡ್ರಾಲಿಕ್, ಮುಂದಿನ ಆ್ಯಕ್ಸಲ್, ಟೈರು

ರೋಟಾವೇಟರ್ ಅಥವಾ ಪಲ್ಟಿ ನೇಗಿಲನ್ನು ಎತ್ತಿ, ಇಂಜಿನ್ ಬಂದ್ ಮಾಡಿ ಸ್ವಲ್ಪ ಹೊತ್ತು ಬಿಡಬೇಕು. ಉಪಕರಣ ಸರಸರನೆ ಇಳಿದರೆ ಸಿಲಿಂಡರಿನ ಸೀಲು ಅಥವಾ ವಾಲ್ವು ಸೋರುತ್ತಿದೆ. ಎತ್ತುವಾಗ ಕಂಪಿಸಿದರೆ ಪಂಪು ದುರ್ಬಲ. ಮುಂದಿನ ಆ್ಯಕ್ಸಲನ್ನು ಜಾಕಿನಿಂದ ಎತ್ತಿ ಗಾಲಿಯನ್ನು ಮೇಲೆ ಕೆಳಗೆ ಅಲುಗಿಸಿದರೆ ಕಿಂಗ್‌ಪಿನ್ ಬುಷ್ ಮತ್ತು ಹಬ್ ಬೇರಿಂಗಿನ ಸಡಿಲ ತಿಳಿಯುತ್ತದೆ. ಇವು ಸಣ್ಣ ಖರ್ಚುಗಳು. ಪವರ್ ಸ್ಟೇರಿಂಗಿನ ಪಂಪು ಮತ್ತು ಸಿಲಿಂಡರು ಮಾತ್ರ ಸಣ್ಣದಲ್ಲ.

ಕಾಣುವ ಖರ್ಚುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಹಿಂದಿನ ಟೈರು. 45 ಎಚ್‌ಪಿ ಸುಮಾರಿನ ಟ್ರ್ಯಾಕ್ಟರುಗಳಿಗೆ ಸಾಮಾನ್ಯವಾಗಿ 13.6–28 ಅಥವಾ 14.9–28, 50 ಎಚ್‌ಪಿ ದಾಟಿದವಕ್ಕೆ 16.9–28 ಅಳತೆ ಬರುತ್ತದೆ. ಗಟ್ಟೆ ಎಷ್ಟು ಉಳಿದಿದೆ ಎಂಬುದರ ಜೊತೆಗೆ ಬದಿಯ ಸೀಳುಗಳನ್ನೂ ನೋಡಬೇಕು. ರೀಟ್ರೆಡ್ ಆದ ಟೈರಿಗೆ ಹೊಸ ಗಟ್ಟೆ ಇರುತ್ತದೆ, ಬದಿ ಹಳೆಯದೇ ಆಗಿರುತ್ತದೆ. ಹಿಡಿತಕ್ಕಾಗಿ ಟೈರಿಗೆ ನೀರು ತುಂಬಿಸಿದ್ದ ಟ್ರ್ಯಾಕ್ಟರುಗಳಲ್ಲಿ ವಾಲ್ವಿನ ಸುತ್ತ ರಿಮ್ಮು ತುಕ್ಕು ತಿಂದಿರುತ್ತದೆ. ಡಾಂಬರು ರಸ್ತೆಯ ಮೇಲೆ ಕಬ್ಬು ಎಳೆದ ಟೈರಿನ ಗಟ್ಟೆ ನಡುವೆ ಚಪ್ಪಟೆಯಾಗಿ ಸವೆಯುತ್ತದೆ.

ನೆರೆಯಲ್ಲಿ ಮುಳುಗಿದ ಟ್ರ್ಯಾಕ್ಟರು

ಈ ಸೀಮೆಗೆ ವಿಶೇಷವಾದ ಅಪಾಯವೊಂದಿದೆ. 2005, 2019 ಮತ್ತು 2021ರಲ್ಲಿ ಕೃಷ್ಣಾ ಮತ್ತು ಅದರ ಉಪನದಿಗಳು ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನದಿದಂಡೆಯ ಊರುಗಳನ್ನು ಮುಳುಗಿಸಿದವು. ಗಡಿಯಾಚೆ ಶಿರೋಳ, ಸಾಂಗಲಿ ಕಡೆಯೂ ಹಾಗೆಯೇ ಆಯಿತು. ಇಂಥ ನೀರಿನಲ್ಲಿ ದಿನಗಟ್ಟಲೆ ನಿಂತ ಟ್ರ್ಯಾಕ್ಟರು ತೊಳೆದು, ಆಯಿಲ್ ಬದಲಿಸಿದರೆ ಚಾಲೂ ಆಗುತ್ತದೆ. ಬೇರಿಂಗುಗಳೊಳಗೆ ಹೊಕ್ಕ ಸಣ್ಣ ರೇವೆ ಮಾತ್ರ ತನ್ನ ಕೆಲಸವನ್ನು ಆಮೇಲೆ ನಿಧಾನವಾಗಿ ಮಾಡುತ್ತದೆ.

ಮುಳುಗಿದ ಗುರುತು ಹುಡುಕುವ ಜಾಗಗಳು ಬೇರೆ. ಗಿಯರ್ ಬಾಕ್ಸಿನ ಅಳತೆ ಕಡ್ಡಿಗೆ ಹತ್ತಿದ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕಿದ್ದರೆ ಒಳಗೆ ನೀರಿದೆ. ಇಂಜಿನ್ ಮತ್ತು ಗಿಯರ್ ಬಾಕ್ಸ್ ನಡುವಿನ ಕ್ಲಚ್ ಕೋಣೆಯ ಕೆಳಗೆ ಸಣ್ಣ ಮುಚ್ಚಳ ಅಥವಾ ರಂಧ್ರವಿರುತ್ತದೆ. ಅಲ್ಲಿ ಒಣಗಿದ ಮೆತ್ತನೆಯ ಮಣ್ಣು ಉದುರಿದರೆ ಅದು ಹೊಲದ ಧೂಳಲ್ಲ, ಹೊಳೆಯ ರೇವೆ. ಡ್ಯಾಶ್‌ಬೋರ್ಡಿನ ಹಿಂದೆ, ವೈರಿಂಗಿನ ಜೋಡಣೆಗಳಲ್ಲಿ ಹಸಿರು ಕಿಲುಬು, ಸೀಟಿನ ಸ್ಪ್ರಿಂಗಿನ ಒಳಗೆ ಒಂದೇ ಎತ್ತರದವರೆಗೆ ತುಕ್ಕು, ಡೈನಮೊ ಮತ್ತು ಸ್ಟಾರ್ಟರ್ ಮಾತ್ರ ಹೊಸದಾಗಿರುವುದು ಇವೂ ಸಾಕ್ಷಿಗಳು. ವಿಮೆಯ ಹಳೆಯ ಕ್ಲೇಮಿನ ದಾಖಲೆ ಕೇಳಬೇಕು. ಮುಳುಗಿದ ಟ್ರ್ಯಾಕ್ಟರನ್ನು ಕೊಳ್ಳುವುದಾದರೆ ಹೈಡ್ರಾಲಿಕ್, ಗಿಯರ್ ಬಾಕ್ಸ್, ಆ್ಯಕ್ಸಲ್ ಮೂರನ್ನೂ ಬಿಚ್ಚುವ ಖರ್ಚು ಹಿಡಿದೇ ಬೆಲೆ ಮಾತಾಡಬೇಕು.

ಸಜ್ಜಿನ ಬಗೆಗಳು

ಕಬ್ಬು ಸಾಗಣೆಗೆ ಬೇಕಾದ ಸಜ್ಜಿನಲ್ಲಿ ಗಟ್ಟಿ ಕೊಂಡಿ, ಮುಂದಿನ ತೂಕ ಮತ್ತು ಬಂಪರು, ದೀಪಗಳು, ಹುಡ್ಡು, ರಾತ್ರಿ ಹೊಳೆಯುವ ಪಟ್ಟಿಗಳು ಬರುತ್ತವೆ. ಮುಂದಿನ ತೂಕ ಶೋಭೆಗಲ್ಲ: ಭಾರದ ಟ್ರ್ಯಾಲಿ ಏರಿನಲ್ಲಿ ಹಿಂದಕ್ಕೆ ಜಗ್ಗಿದಾಗ ಟ್ರ್ಯಾಕ್ಟರಿನ ಮುಂಭಾಗ ಮೇಲೇಳುವುದನ್ನು ತಡೆಯುತ್ತದೆ. ಹೊಳೆಯುವ ಪಟ್ಟಿ, ಟ್ರ್ಯಾಲಿಯ ಹಿಂದಿನ ಕೆಂಪು ದೀಪ ಇಲ್ಲದೆ ಮುಂಜಾವಿನ ಮಂಜಿನಲ್ಲಿ ನಿಂತ ಟ್ರ್ಯಾಲಿಗೆ ಹಿಂದಿನಿಂದ ಬೈಕು ಗುದ್ದುವುದು ಕಬ್ಬಿನ ಸೀಮೆಯ ಗೊತ್ತಿರುವ ದುರಂತ. ಈ ಖರ್ಚನ್ನು ಕೊನೆಗೆ ಉಳಿಸಬಾರದು. ಟ್ರ್ಯಾಲಿಗಳನ್ನು ಜೊತೆಗೇ ಕೊಳ್ಳುವುದಾದರೆ ಚಾಸಿಯ ಬಿರುಕು, ಬೋಗಿಯ ಬೇರಿಂಗು, ಟೈರು ಬೇರೆಯೇ ಲೆಕ್ಕ.

ಹೊಲದ ಕೆಲಸಕ್ಕೆ ಕೊಳ್ಳುವವರ ಸಜ್ಜು ರೋಟಾವೇಟರ್, ಪಲ್ಟಿ, ಬೋದು ಏರಿಸುವ ಉಪಕರಣ ಇತ್ಯಾದಿ. ಪಿಟಿಒ ನಿಮಿಷಕ್ಕೆ 540 ಸುತ್ತಿನ ಪ್ರಮಾಣದ್ದೇ ಎಂದು ನೋಡಿ ಉಪಕರಣ ಹೊಂದಿಸಬೇಕು. ಕಬ್ಬು ಮತ್ತು ತಂಬಾಕಿನ ಸಾಲುಗಳ ನಡುವೆ ಓಡಿಸಲು ಇತ್ತೀಚೆಗೆ ಸಣ್ಣ ಟ್ರ್ಯಾಕ್ಟರುಗಳನ್ನು ಕೊಳ್ಳುತ್ತಾರೆ. ಅವುಗಳ ಸಾಮಾನು ದೊಡ್ಡವುಗಳಷ್ಟು ಎಲ್ಲೆಡೆ ಸಿಗುವುದಿಲ್ಲ.

ಬಿಡಿಭಾಗ ಸಿಗುವುದೇ ಒಂದು ವೆಚ್ಚದ ಅಂಶ. ಪೇಟೆಯಲ್ಲಿ ಹೆಚ್ಚಿರುವ ಮಾದರಿಗಳಿಗೆ ನಿಪ್ಪಾಣಿ, ಚಿಕ್ಕೋಡಿಯಲ್ಲೇ ಸಾಮಾನು ದೊರೆಯುತ್ತದೆ. ಪಿಂಜೋರಿನ ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿದ ಮೇಲೆ ಆ ಟ್ರ್ಯಾಕ್ಟರುಗಳು ಅಗ್ಗವಾದವು. ಅಗ್ಗದ ಕಾರಣ ಸಾಮಾನಿನ ಕೊರತೆಯೇ ಆದ್ದರಿಂದ ಅದು ನಿಜವಾದ ಉಳಿತಾಯವಲ್ಲ. ಒಡೆತನ ಬದಲಾದ ಎಲ್ಲ ಕಂಪನಿಗಳ ವಿಷಯ ಹೀಗಲ್ಲ: ಐಷರ್ ಟ್ರ್ಯಾಕ್ಟರುಗಳು 2005ರಲ್ಲಿ ಟಾಫೆಗೆ, ಸ್ವರಾಜ್ 2007ರಲ್ಲಿ ಮಹೀಂದ್ರಾಗೆ ಹೋದವು, ಎರಡರ ತಯಾರಿಕೆಯೂ ಮುಂದುವರಿದಿದೆ.

ಕಾಗದಪತ್ರ

ಚಿಕ್ಕೋಡಿ ಕಚೇರಿಯ ನೋಂದಣಿ ಕೆಎ 23ರಿಂದ, ಕೊಲ್ಹಾಪುರದ್ದು ಎಂಎಚ್ 09ರಿಂದ, ಸಾಂಗಲಿಯದ್ದು ಎಂಎಚ್ 10ರಿಂದ ಶುರುವಾಗುತ್ತದೆ. ರಾಜ್ಯದೊಳಗಿನ ಖರೀದಿಗೆ ನಮೂನೆ 29 ಮತ್ತು 30 ಸಾಕು. ಸಾಲದ ಬೋಜಾ ಇದ್ದರೆ ಅದನ್ನು ತೀರಿಸಿದ್ದಕ್ಕೆ ನಮೂನೆ 35ರ ಮೇಲೆ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿಯ ಸಹಿ ಬೇಕು. ಮಹಾರಾಷ್ಟ್ರದ ಟ್ರ್ಯಾಕ್ಟರಾದರೆ ನಮೂನೆ 28ರಲ್ಲಿ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ತಂದು, ನಮೂನೆ 27ರಲ್ಲಿ ಇಲ್ಲಿನ ಸಂಖ್ಯೆಗೆ ಅರ್ಜಿ ಹಾಕಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ಸಂಖ್ಯೆ ಪಡೆಯುವುದು ಕಡ್ಡಾಯ. ಮಾರಾಟವನ್ನು ಮಾರಿದವರು ರಾಜ್ಯದೊಳಗಾದರೆ 14 ದಿನ, ಹೊರಗಾದರೆ 45 ದಿನದೊಳಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ.

ಕೃಷಿ ಟ್ರ್ಯಾಕ್ಟರಿನ ನೋಂದಣಿ 15 ವರ್ಷ ನಡೆಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. 13–14 ವರ್ಷದ ಟ್ರ್ಯಾಕ್ಟರು ಕೊಳ್ಳುವವರು ಆ ತಪಾಸಣೆಯಲ್ಲಿ ಪಾಸಾಗಲು ಬೇಕಾದ ದುರಸ್ತಿಯನ್ನೂ ಲೆಕ್ಕಕ್ಕೆ ತರಬೇಕು. ಟ್ರ್ಯಾಲಿಗೆ ಪ್ರತ್ಯೇಕ ನೋಂದಣಿ ಬೇಕು, ವಿಮೆಯಲ್ಲೂ ಅದರ ಸಂಖ್ಯೆ ನಮೂದಾಗಿರಬೇಕು. ಇಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ನೋಂದಣಿ ಪತ್ರದೊಂದಿಗೆ (ಆರ್‌ಸಿ) ಅಕ್ಷರ ಅಕ್ಷರ ಹೋಲಿಸಬೇಕು. ಬೇರೆ ಟ್ರ್ಯಾಕ್ಟರಿನ ಇಂಜಿನ್ ಕೂರಿಸಿದ್ದರೆ ಹೆಸರು ಬದಲಾವಣೆ ನಿಂತುಹೋಗುತ್ತದೆ. ಫೈನಾನ್ಸ್ ಕಂಪನಿಗಳು ಜಪ್ತಿ ಮಾಡಿ ಹರಾಜು ಹಾಕುವ ಟ್ರ್ಯಾಕ್ಟರುಗಳನ್ನು ಇದ್ದ ಸ್ಥಿತಿಯಲ್ಲೇ ಒಯ್ಯಬೇಕು. ಅಲ್ಲಿ ಓಡಿಸಿ ನೋಡಲು ಅವಕಾಶ ಕಡಿಮೆ, ಆದ್ದರಿಂದ ಕಾದಿರಿಸುವ ಹಣ ಹೆಚ್ಚಿರಬೇಕು.

ಲೆಕ್ಕದ ಮಾದರಿ

ಲೆಕ್ಕದ ಮೂಲ ಸೂತ್ರ ಹೀಗಿದೆ: ಅದೇ ಮಾದರಿಯ, ಅದೇ ವಯಸ್ಸಿನ, ಎಲ್ಲ ಸರಿಯಿರುವ ಟ್ರ್ಯಾಕ್ಟರಿನ ಪೇಟೆ ಬೆಲೆಯಿಂದ ದುರಸ್ತಿ, ಕಾಗದಪತ್ರ ಮತ್ತು ಅನಿರೀಕ್ಷಿತ ಖರ್ಚನ್ನು ಕಳೆದರೆ ಉಳಿಯುವುದೇ ಕೊಡಬಹುದಾದ ಗರಿಷ್ಠ ಬೆಲೆ. ಮಾರುವವರು ಹೇಳಿದ ಬೆಲೆಯಿಂದ ಚೌಕಾಶಿ ಶುರುಮಾಡಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಕ್ರಮ ತೋರಿಸಲು ಕಲ್ಪಿತ ಅಂಕಿಗಳನ್ನು ಹಿಡಿಯೋಣ. ಮಾರುವವರು 3,60,000 ರೂಪಾಯಿ ಕೇಳುತ್ತಾರೆ. ಅಂಥದೇ ಸುಸ್ಥಿತಿಯ ಟ್ರ್ಯಾಕ್ಟರಿಗೆ ಪೇಟೆಯಲ್ಲಿ 4,75,000 ಇದೆ. ಮಿಸ್ತ್ರಿಯ ಅಂದಾಜು: ಅರ್ಧ ಇಂಜಿನ್ 45,000, ಹಿಂದಿನ ಟೈರು ಜೋಡಿ 45,000, ಕ್ಲಚ್ 20,000, ಬ್ರೇಕ್ ಮತ್ತು ಆ್ಯಕ್ಸಲ್ ಸೀಲು 15,000, ಒಟ್ಟು 1,25,000. ಬಿಚ್ಚಿದ ಮೇಲೆ ಹೊರಬೀಳುವ ದೋಷಕ್ಕೆಂದು ಇದರ ಐದರಲ್ಲೊಂದು ಪಾಲು, ಅಂದರೆ 25,000. ಕಾಗದಪತ್ರಕ್ಕೆ 15,000. ಎಲ್ಲ ಸೇರಿ 1,65,000. ಇದನ್ನು 4,75,000ರಿಂದ ಕಳೆದರೆ 3,10,000. ಅದಕ್ಕಿಂತ ಮೇಲೆ ಕೊಟ್ಟ ಪ್ರತಿ ರೂಪಾಯಿಯೂ ಸುಸ್ಥಿತಿಯ ಟ್ರ್ಯಾಕ್ಟರನ್ನೇ ನೇರವಾಗಿ ಕೊಳ್ಳುವುದಕ್ಕಿಂತ ಹೆಚ್ಚಿನದು. ಮಾರುವವರು ಹೇಳಿದ ಬೆಲೆಗೇ ಒಪ್ಪಿದರೆ ಕೈಗೆ ಬರುವ ಹೊತ್ತಿಗೆ ಅದು 5,25,000 ಆಗಿರುತ್ತದೆ.

ಈ ಲೆಕ್ಕಕ್ಕೆ ಕಾಲವನ್ನೂ ಸೇರಿಸಬೇಕು. ಸಕ್ಕರೆ ಕಾರ್ಖಾನೆಗಳ ಹಂಗಾಮು ಅಕ್ಟೋಬರ್–ನವೆಂಬರಿನಲ್ಲಿ ಶುರುವಾಗಿ ಮಾರ್ಚ್–ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ವಾಹನದ ಮಾಲೀಕರು ಕಾರ್ಖಾನೆಯೊಂದಿಗೆ ಕರಾರು ಮಾಡಿಕೊಂಡು, ಕಟಾವಿನ ಗ್ಯಾಂಗಿಗೆ ಮುಂಗಡ ಕೊಟ್ಟಿರುತ್ತಾರೆ. ಹಂಗಾಮಿನ ನಡುವೆ ಟ್ರ್ಯಾಕ್ಟರು ಗ್ಯಾರೇಜಿನಲ್ಲಿ ನಿಂತರೆ ಬಾಡಿಗೆ ನಿಲ್ಲುವುದಷ್ಟೇ ಅಲ್ಲ, ಗ್ಯಾಂಗೂ ಸುಮ್ಮನೆ ಕೂರುತ್ತದೆ. ಆದ್ದರಿಂದ ಹಂಗಾಮು ಮುಗಿದ ಮೇಲೆ ಕೊಂಡು, ಮಳೆಗಾಲದಲ್ಲಿ ಬಿಚ್ಚಿ ಕಟ್ಟಿಸಿ, ದಸರೆಯೊಳಗೆ ಸಿದ್ಧಮಾಡಿಕೊಳ್ಳುವುದು ಅನುಕೂಲದ ಕ್ರಮ. ದೀಪಾವಳಿ ಸಮೀಪಿಸಿದಾಗ ಅವಸರದಲ್ಲಿ ಕೊಳ್ಳುವವರಿಗೆ ಬೆಲೆಯೂ ಹೆಚ್ಚು, ದುರಸ್ತಿಗೆ ಸಮಯವೂ ಇಲ್ಲ.

ಇಂದಿನ ಸ್ಥಿತಿ

2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ, ಟ್ರ್ಯಾಕ್ಟರ್ ಟೈರು ಮತ್ತು ಬಿಡಿಭಾಗಗಳ ಮೇಲಿನದು ಶೇ 18ರಿಂದ ಶೇ 5ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯಬೇಕು. ತೆರಿಗೆ ಇಳಿಯುವ ಮುನ್ನಿನ ವ್ಯವಹಾರಗಳನ್ನು ಆಧಾರವಾಗಿ ತೋರಿಸಿ ಹೇಳುವ ಬೆಲೆಗಳನ್ನು ಒಪ್ಪಬೇಕಿಲ್ಲ.

50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಟ್ರೆಮ್ 4 ಹೊಗೆ ನಿಯಮ ಜಾರಿಯಲ್ಲಿದೆ. ಇದಕ್ಕಾಗಿ ಬಂದ ಎಲೆಕ್ಟ್ರಾನಿಕ್ ಕಾಮನ್‌ರೈಲ್ ಇಂಜಿನ್ನುಗಳನ್ನು ಊರಿನ ಮಿಸ್ತ್ರಿ ಕಿವಿಯಿಂದ ಕೇಳಿ ಗುರುತಿಸಲಾರ. ದೋಷದ ಸಂಕೇತ ಓದುವ ಯಂತ್ರ ಬೇಕು. ಇಂಥ ಟ್ರ್ಯಾಕ್ಟರುಗಳು ಹಳೆಯ ಪೇಟೆಗೆ ಬರತೊಡಗಿದಂತೆ ನಾಜಲ್, ಸೆನ್ಸರ್, ನಿಯಂತ್ರಣ ಪೆಟ್ಟಿಗೆಯ ಖರ್ಚು ಲೆಕ್ಕದ ಹೊಸ ಸಾಲುಗಳಾಗುತ್ತವೆ. ಕೊಳ್ಳುವ ಮುನ್ನ ಕಂಪನಿಯ ಅಧಿಕೃತ ಕೇಂದ್ರದಲ್ಲಿ ಸಂಕೇತ ಓದಿಸುವುದು ತಣ್ಣನೆಯ ಇಂಜಿನ್ನಿನ ಪರೀಕ್ಷೆಯಷ್ಟೇ ಅಗತ್ಯ.

ಮಾದರಿಯ ಮೂಲ ಸಾಮರ್ಥ್ಯ ತಿಳಿಯಲು ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರೀಯ ಕೃಷಿಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ವರದಿಗಳು ನೆರವಾಗುತ್ತವೆ. ಪಿಟಿಒ ಶಕ್ತಿ, ಡೀಸೆಲ್ ಬಳಕೆ, ಹೈಡ್ರಾಲಿಕ್ ಎತ್ತುವ ತೂಕ ಅವುಗಳಲ್ಲಿರುತ್ತವೆ. ಹೊಸದಿದ್ದಾಗ ಇಷ್ಟು ಎತ್ತುತ್ತಿತ್ತು ಎಂದು ಗೊತ್ತಿದ್ದರೆ ಈಗ ಎಷ್ಟು ಎತ್ತುತ್ತದೆ ಎಂಬುದಕ್ಕೆ ಅರ್ಥ ಬರುತ್ತದೆ. ವರ್ಷಕ್ಕೆ ಕೆಲವೇ ದಿನ ಟ್ರ್ಯಾಕ್ಟರು ಬೇಕಾಗುವ ಸಣ್ಣ ಹಿಡುವಳಿದಾರರಿಗೆ 2014–15ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಕೃಷಿ ಯಂತ್ರಧಾರೆ ಕೇಂದ್ರಗಳ ಬಾಡಿಗೆ ಇನ್ನೊಂದು ದಾರಿ. ಆ ಬಾಡಿಗೆಯ ಒಂದು ವರ್ಷದ ಮೊತ್ತವನ್ನು, ಕೊಳ್ಳಬೇಕೆಂದಿರುವ ಹಳೆಯ ಟ್ರ್ಯಾಕ್ಟರಿನ ಒಂದು ವರ್ಷದ ದುರಸ್ತಿ, ವಿಮೆ ಮತ್ತು ಬಡ್ಡಿಯ ಪಕ್ಕದಲ್ಲಿ ಬರೆದು ನೋಡುವುದು ಖರೀದಿಗೆ ಮುಂಚಿನ ಕೆಲಸ.